ಕೆಂಪಿಯೋ ನೀಲಿಯೋ, ಅಂಗೈ ಮಾವ ಹೇಳಲಿ

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಟ್ರ್ಯಾಕ್ಟರ್ ಶೆಡ್ಡಿಗೆ ಬಂದ ಮುದುಕರು ಯಾರನ್ನೂ ಮಾತಾಡಿಸದೆ ನೇರ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಮಾರುವವರು ಟೀ ಲೋಟ ಚಾಚಿದರೆ, "ಟೀ ಎಲ್ಲೂ ಓಡಿಹೋಗಲ್ಲ. ಮೊದ್ಲು ಇದಕ್ಕೆ ಜ್ವರ ಇದೆಯಾ ನೋಡ್ತೀನಿ" ಅನ್ನುತ್ತಾರೆ.

ಜ್ವರ ನೋಡುವುದಕ್ಕೆ ಕಾರಣವಿದೆ. ಗಿರಾಕಿ ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟರೆ ಎಂಥ ಮುದಿ ಗಾಡಿಯೂ ಒಂದೇ ಸಲಕ್ಕೆ ಶುರುವಾಗಿ ಕಣ್ಣಿಗೆ ಮಣ್ಣೆರಚುತ್ತದೆ. ತಣ್ಣಗಿರುವ ಇಂಜಿನ್ ಮಾತ್ರ ನಿಜ ಹೇಳುತ್ತದೆ. ಅದಕ್ಕೇ ಇವರು ಕೋಳಿಗಿಂತ ಮೊದಲೇ ಏಳುವುದು. ವಾರಕ್ಕೆ ನಾಲ್ಕೈದು ಹಳೇ ಗಾಡಿ ನೋಡಿ, ಯಾವುದನ್ನು ನಂಬಬಹುದು ಎಂದು ಕೊಳ್ಳುವವರಿಗೆ ಹೇಳುವ ಇವರು ಎಲ್ಲರ ಬಾಯಲ್ಲೂ 'ಅಂಗೈ ಮಾವ'.

ಇವತ್ತಿನ ಶೆಡ್ ಹೊಸದೇನಲ್ಲ, ಮಾವ ಅರ್ಧ ಆಯಸ್ಸು ಡ್ರೈವರ್ ಆಗಿ ದುಡಿದ ಜಾಗ. ಮೂರು ಸಿಲಿಂಡರಿನ ಕೆಂಪು ಗಾಡಿ, ಬಂದ ದಿನದಿಂದ ಇವರ ಕೈಯಲ್ಲೇ ಪಳಗಿದ 'ಕೆಂಪಿ', ಮೂಲೆಯಲ್ಲಿ ನಿಂತಿದೆ. ಪಕ್ಕದಲ್ಲಿ ಅದಕ್ಕಿಂತ ಕೆಲವು ವರ್ಷ ಚಿಕ್ಕದಾದ ನೀಲಿ. ಹಳೇ ಯಜಮಾನರ ಮಗ ಎರಡನ್ನೂ ಮಾರಲು ಹೊರಟಿದ್ದಾರೆ. ಬಾಡಿಗೆಗೆ ಉಳುಮೆ ಮಾಡಿ ಬದುಕಬೇಕೆಂದಿರುವ ಮಾವನ ತಂಗಿಯ ಮಗಳಿಗೆ ಒಂದು ಬೇಕು. ಉಳಿದದ್ದು ಇವತ್ತೇ ಗುಜರಿಗೆ. "ನೀನು ಯಾವುದು ಅಂತೀಯೋ ಅದೇ ಮಾವ" ಎಂದು ಆಕೆ ಭಾರವನ್ನೆಲ್ಲ ಇವರ ಮೇಲೆ ಹೊರಿಸಿದ್ದಾಳೆ.

ಕೆಂಪಿಯ ಸೀಟಿನ ಮೇಲೆ ಮಾವನ ಸೊಂಟ ಸವೆದಿದೆ, ಕಿವಿ ಅರ್ಧ ಹೋಗಿದೆ. ಕಿವಿ ಕೈಕೊಟ್ಟ ಮೇಲೆ ಅಂಗೈಯೇ ಎಲ್ಲ. ಇವರ ಹೆಂಡತಿ ಕೆಂಪಿಯನ್ನು ಕರೆಯುವುದೇ ಸವತಿ ಎಂದು. "ಎರಡು ಹೊಲದಾಚೆ ಅವಳ ಸದ್ದು ಕೇಳಿದ್ರೆ ಸ್ನಾನಕ್ಕೆ ನೀರಿಡ್ತಿದ್ದೆ. ಈ ಮನುಷ್ಯ ಮನೇಲಿ ಬಾಯಿ ಬಿಟ್ರೆ ಕೇಳಿ! ನಾನು ಸಂಸಾರ ಮಾಡಿದ್ದೇ ಆ ಸದ್ದಿನ ಜೊತೆ" ಎಂದು ನಗುತ್ತಲೇ ಅವರು ಕಣ್ಣೊರೆಸಿಕೊಳ್ಳುತ್ತಾರೆ. ಎಂಥಾ ಕಾಲ ಅದು ಅನ್ನಿಸುತ್ತದೆ, ಕೇಳಿದವರಿಗೂ.

ಮಾವ ಕೆಂಪಿಯ ಕೀಲಿ ತಿರುಗಿಸುತ್ತಾರೆ. ಅಬ್ಬಾ, ಒಂದೇ ಸಲಕ್ಕೆ! ನೀಲಿ ಮಾತ್ರ ಮೂರು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಒಲ್ಲದ ಮನಸ್ಸಿನಿಂದ ಏಳುತ್ತದೆ. ತಂಗಿಯ ಮಗಳ ಮುಖ ಅರಳುತ್ತದೆ. ಕೆಂಪಿ ಗೆದ್ದಳು ಎಂದೇ ಪಕ್ಕದಲ್ಲಿ ನಿಂತು ನೋಡುತ್ತಿರುವ ನನಗೂ ಅನ್ನಿಸುತ್ತದೆ, ಸುಳ್ಳು ಯಾಕೆ. ಮಾವ ಕೆಂಪಿಯ ಕೆಳಗೆ ತೂರಿ ಗೇರ್‌ಬಾಕ್ಸಿನ ಮೇಲೆ ಅಂಗೈ ಸವರುತ್ತಾರೆ. ತುಂಬ ಹೊತ್ತು ಅಲ್ಲೇ ಮಲಗಿರುತ್ತಾರೆ.

"ನೀಲಿ ತಗೋ" ಅನ್ನುತ್ತಾರೆ ಎದ್ದು ಬಂದು. "ಅದು ಆಗಾಗ ಮುನಿಸ್ಕೊಳ್ಳುತ್ತೆ, ಆದ್ರೆ ಸಾಮಾನು ಯಾವ ಅಂಗಡೀಲಾದ್ರೂ ಸಿಗುತ್ತೆ. ಕೆಂಪಿಗೆ ಕಾಯಿಲೇನೇ ಬರ್ತಿರ್ಲಿಲ್ಲ. ಈಗ ಗೇರ್‌ಬಾಕ್ಸ್ ಬಿರುಕು ಬಿಟ್ಟಿದೆ, ಕಂಪನಿಯವರು ಇಂಥದ್ದು ಮಾಡೋದನ್ನೇ ನಿಲ್ಲಿಸಿದಾರೆ. ನಡು ಹೊಲದಲ್ಲಿ ಇದು ನಿಂತ್ರೆ ನಿನ್ನ ಹೊಟ್ಟೆಪಾಡೂ ಅಲ್ಲೇ ನಿಲ್ಲುತ್ತೆ."

"ಅವಳು ಗುಜರಿಗೆ ಹೋಗ್ತಾಳಲ್ಲ ಮಾವ?"

"ಹೋಗ್ಲಿ. ಅವಳ ಋಣ ನಂದು, ನಿನ್ನ ತಲೆಗೆ ಯಾಕೆ ಕಟ್ಲಿ?" ಮಾವ ಅಂಗೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಾರೆ.

ಹೊರಗೆ ಗುಜರಿಯವರ ಲಾರಿ ಬಂದು ನಿಲ್ಲುತ್ತದೆ. ಇಬ್ಬರು ಇಳಿದು, ಎಳೆದೊಯ್ಯಲು ಹಗ್ಗ ಬಿಚ್ಚುತ್ತಾರೆ. ಮಾವ ಕೈಯೆತ್ತಿ ತಡೆದು ಕೆಂಪಿಯ ಸೀಟು ಹತ್ತುತ್ತಾರೆ.

"ಹಗ್ಗ ಒಳಗಿಡ್ರಪ್ಪಾ. ಮುಂದೆ ನಡೀರಿ, ನಿಧಾನಕ್ಕೆ ನಾನೇ ಓಡಿಸ್ಕೊಂಡು ಬರ್ತೀನಿ. ಇವಳು ಒಂದು ದಿನಾನೂ ಇನ್ನೊಬ್ಬರ ಕೈಲಿ ಎಳಿಸ್ಕೊಂಡೋಳಲ್ಲ."