ದೂಧಗಂಗೆಯಲ್ಲಿ ಅಳಿಯನ ಜಲವಿಹಾರ

ಗೆಳೆಯರೇ, ಮುಂಬಯಿಯಿಂದ ಬಂದಿರುವ ನನ್ನ ತಂಗಿಯ ಗಂಡ ಇವತ್ತು ಸದಲಗಾ ಹತ್ತಿರ ದೂಧಗಂಗೆಯಲ್ಲಿ ನಮ್ಮ ಮನೆಯವರಿಗಷ್ಟೇ ಅಂತ ಒಂದು ದೋಣಿ ಗೊತ್ತು ಮಾಡಿದ್ದ. ಮೊದಲು ತನ್ನ ಜೊತೆ ತಂದಿದ್ದ ತೇಲುವ ಹಲಗೆಯ ಮೇಲೆ ನಿಂತು ಹುಟ್ಟು ಹಾಕಲು ಹೋಗಿ ಆರು ಸಲ ಬಿದ್ದ. ಆಮೇಲೆ ದುಬೈಯಿಂದ ತರಿಸಿದ ಈಜುಗನ್ನಡಕ ಕಣ್ಣಿಗೆ, ಉಸಿರಾಡುವ ನಳಿಗೆ ಬಾಯಿಗೆ ಸಿಕ್ಕಿಸಿಕೊಂಡು ನೀರಿಗಿಳಿದ. ಅವನ ಚಡ್ಡಿ ನೋಡಲಾರದೆ ಅವ್ವ ಆಚೆ ದಂಡೆಯ ಕಬ್ಬು ನೋಡುತ್ತ ಕುಳಿತಳು.

"ಏನ್ ಕಂಡ್ತರಿ ಸಾಹೇಬ್ರ?" ಅಂದ ಅಂಬಿಗ.

"ರಾಡಿ. ಇನ್ನೂ ಸ್ವಲ್ಪ ನೋಡ್ತೀನಿ."

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವ್ವ ಬುತ್ತಿ ಬಿಚ್ಚಿ ಮೂರು ಸಲ ಕೂಗಿದಳು: "ಅಳಿಯಂದ್ರ, ಹೊತ್ತು ಇಳ್ಯಾಕತ್ತೈತಿ, ಉಣ್ಣಾಕ ಬರ್ರಿ!" ಅವನು ನೀರೊಳಗಿಂದ ಕೈ ಬೀಸಿದ. ನಾವು ಉಂಡು ಕೈ ತೊಳೆದೆವು.

ಅವನು ನಡುಗುತ್ತ ದೋಣಿ ಹತ್ತಿ ಹೋಳಿಗೆಗೆ ಕೈ ಚಾಚುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅವ್ವ ಡಬ್ಬಿಯ ಮುಚ್ಚಳ ಹಾಕಿದಳು. "ಇನ್ನ ನಾಳಿ ಮುಂಜಾನೆ ಉಣ್ಣುವಂತ್ರಿ."

"ಅಯ್ಯ ಅತ್ತಿ, ಮುಂಬಯಿದಾಗ ನಾವು ದಿನಾ ಒಂಬತ್ತಕ್ಕ ಉಣ್ತೀವಲ್ರಿ!"

ತಂಗಿ ಅವನ ಕಾಲು ತುಳಿದಳು. ಆದರೆ ಮಾತು ಬಾಯಿಂದ ಜಾರಿತ್ತು, ಅವ್ವನ ಸಿಟ್ಟು ನೆತ್ತಿಗೇರಿತ್ತು.

ಈಗ ಮನೆಯಲ್ಲಿ ಅವ್ವನದು ಮೌನ, ಅಳಿಯನದು ಉಪವಾಸ. ಪರ್ವದ ದಿನಗಳಲ್ಲೂ ನಮ್ಮ ಮನೆಯಲ್ಲಿ ಇಷ್ಟು ವ್ರತ ನಡೆದಿರಲಿಲ್ಲ.