ಅವ್ವನ ಬೋರಮಾಳ

ಅವ್ವನ ತಂಗಿ, ನಮ್ಮ ಚಿಗವ್ವ, ಕೋರ್ಟಿನ ಮೆಟ್ಟಿಲು ಹತ್ತಿದ್ದು ಮನೆಗಾಗಿ. ಎಂಬತ್ತರ ದಶಕದ ಕೊನೆಯ ಮಾತು. ತವರಿನಲ್ಲಿ ಮದುವೆಯೆಂದು ಮಂಗಸೂಳಿಗೆ ಬಂದವಳು ಉಗಾರದ ತನ್ನ ಮನೆಗೆ ಹಿಂತಿರುಗುವಷ್ಟರಲ್ಲಿ ಗಂಡ ಬಾಗಿಲಿಗೆ ಕೀಲಿ ಜಡಿದಿದ್ದ. ಮುಂದೆ ಅದೇ ಮನೆಗೆ ಇನ್ನೊಬ್ಬಳನ್ನು ತಂದಿಟ್ಟುಕೊಂಡು, ಇವಳು ತಾನಾಗಿಯೇ ಬಿಟ್ಟುಹೋದಳೆಂದು ಕೋರ್ಟಿಗೆ ಬರೆದುಕೊಟ್ಟ. ಅಂಥ ಮನುಷ್ಯನನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಡವರಿಗೆಂದು ಸರಕಾರ ಕೊಡುವ ವಕೀಲರು ಚಿಗವ್ವನಿಗೆ ಸಿಕ್ಕರು. ಅವ್ವ ಅವರನ್ನು ‘ಫುಕಟ್ ವಕೀಲ’ ಎಂದರೆ ಚಿಗವ್ವನಿಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ಅವಳ ಮಾತನ್ನು ಕೊನೆಯ ತನಕ ಕೇಳಿದ ಮೊದಲ ಗಂಡಸು ಅವರೇ. ಇಡೀ ಕೇಸು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ ಎಂದು ಅವರು ನಮಗೆ ಬಿಡಿಸಿ ಹೇಳಿದ್ದರು. ಗಂಡ ಕಟಕಟೆಗೆ ಬಂದಾಗ, ಕೀಲಿ ಹಾಕಿದ್ದು ಯಾರು ಎಂದು ಕೇಳಬೇಕು. ಬಾಯಿ ಬಿಡಿಸುವುದು ತಮ್ಮ ಕೆಲಸ, ನೀವು ಸುಮ್ಮನಿದ್ದರೆ ಸಾಕು ಎಂದಿದ್ದರು.

ಮುಂದಿನ ತಾರೀಖಿಗೆ ಹೊರಡುವಾಗ ಅವ್ವ ತನ್ನ ಬಂಗಾರದ ಬೋರಮಾಳ ತೆಗೆದು ತಂಗಿಯ ಕೊರಳಿಗೆ ಹಾಕಿದಳು. ಗಂಡನಿರುವ ಹೆಂಗಸು ದೊಡ್ಡವರೆದುರು ಬೋಳು ಕೊರಳಲ್ಲಿ ನಿಲ್ಲಬಾರದೆನ್ನುವುದು ನಮ್ಮ ಕಡೆಯ ರೀತಿ. ಹಾಕಿಕೊಂಡ ಮೇಲೆ ಅದು ಎರವಲು ಎಂದು ಬಾಯಿ ಬಿಡುವುದಿಲ್ಲ, ಅದೂ ನಮ್ಮ ರೀತಿಯೇ.

ಗಂಡನ ವಕೀಲರು ಆ ಬಂಗಾರವನ್ನೇ ತೋರಿಸಿ, ಇವರು ಬಡವರೇ ಎಂದು ಕೇಳಿದರು. ಅದು ಯಾರದೆಂದು ಜಡ್ಜ್ ಸಾಹೇಬರು ವಿಚಾರಿಸಿದರು. ಚಿಗವ್ವ ಗಂಡನ ಕಡೆ ನೋಡಿದಳು. ಅವನು ಮೀಸೆಯಡಿ ನಗುತ್ತಿದ್ದ.

“ನಂದ ಐತ್ರಿ,” ಅಂದಳು.

ವಕೀಲರ ನೆರವು ಅಲ್ಲಿಗೆ ರದ್ದಾಯಿತು. ಅದು ನನ್ನದು, ನನ್ನ ಮದುವೆಯದು ಎಂದು ಅವ್ವ ಕಚೇರಿಯಿಂದ ಕಚೇರಿಗೆ ಅಲೆದು ಅಂಗಲಾಚಿದಳು. ಅಕ್ಕ ತಂಗಿಯ ಪರ ಹೇಳುವುದು ಇದ್ದದ್ದೇ, ಅವರೇ ಒಪ್ಪಿಕೊಂಡಿದ್ದಾರಲ್ಲ ಎಂದು ಸಾಗಹಾಕಿದರು. ಬೋರಮಾಳ ಮಾರಿ ಬೇರೆ ವಕೀಲರನ್ನು ಹಿಡಿಯೋಣವೆಂದರೆ, ಅಪ್ಪ ಅದನ್ನು ಕಸಿದುಕೊಂಡು ಟ್ರಂಕಿಗೆ ಹಾಕಿ ಕೀಲಿ ತನ್ನ ಉಡದಾರಕ್ಕೆ ಕಟ್ಟಿಕೊಂಡ. ನಮ್ಮ ಗಂಡಸರಿಗೆ ಕೀಲಿ ಹಾಕುವುದೊಂದು ಚೆನ್ನಾಗಿ ಬರುತ್ತಿತ್ತು.

ಗಂಡ ಕಟಕಟೆಗೆ ಬಂದ ದಿನ ಚಿಗವ್ವನ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಬಸ್ಸಿನುದ್ದಕ್ಕೂ ಅವಳಿಗೆ ಆ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಸಿದ್ದೆ. ಸಾಹೇಬರು ಸಮಾಧಾನದಿಂದಲೇ, ಇವರನ್ನು ಏನು ಕೇಳುವುದಿದೆಯೋ ಕೇಳಮ್ಮ ಎಂದರು.

ಚಿಗವ್ವ ಸೆರಗು ಸರಿಮಾಡಿಕೊಂಡಳು. ಗಂಡನನ್ನು ಅಷ್ಟು ಹತ್ತಿರದಿಂದ ನೋಡಿ ಅವಳಿಗೆ ಬಹಳ ಕಾಲವಾಗಿತ್ತು.

“ನಾ ಏನ್ ತಪ್ಪ ಮಾಡೀನ್ರಿ?”

ಇದು ಕೇಸಿಗೆ ಸಂಬಂಧವಿಲ್ಲದ ಪ್ರಶ್ನೆ ಎಂದು ಗಂಡನ ವಕೀಲರು ಎದ್ದರು. ಸಾಹೇಬರು ಹೌದೆಂದು ತಲೆಯಾಡಿಸಿ, ಬೇರೆ ಏನಾದರೂ ಇದೆಯೇ ಎಂದರು. ಕೀಲಿ, ಕೀಲಿ ಎಂದು ನನ್ನ ಜೀವ ಒಳಗೇ ಒದ್ದಾಡುತ್ತಿತ್ತು. ಬಾಯಿ ತೆರೆದರೆ ಹೊರಗೆ ಹಾಕುತ್ತೇನೆಂದು ಜವಾನ ಮೊದಲೇ ಹೆದರಿಸಿದ್ದ. ತೀರ್ಪು ಆಮೇಲೆ ಬಂತು, ಆದರೆ ಮನೆ ಕೈಬಿಟ್ಟುಹೋದದ್ದು ಆ ಗಳಿಗೆಯಲ್ಲೇ. ಚಿಗವ್ವ ಮಾತ್ರ ಇನ್ನೂ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನು ಉತ್ತರ ಕೊಡಬೇಕಾಗಿಲ್ಲವೆಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.