ಇನ್ನೆಷ್ಟು ದೂರ ಎನ್ನುವ ಪೆಟ್ಟಿಗೆ

ಬೈಕಿನ ಹ್ಯಾಂಡಲ್ಲಿಗೆ ಜಿಪಿಎಸ್ ಪೆಟ್ಟಿಗೆಯೊಂದನ್ನು ಕೂರಿಸುವುದು ಗೋಡೆಗೆ ಕ್ಯಾಲೆಂಡರ್ ನೇತುಹಾಕಿದಷ್ಟೇ ಸುಲಭವೆಂದು ನಾನು ಭಾವಿಸಿದ್ದೆ. ಕೊಂಚ ಮೇಲಿಟ್ಟರೆ ಬಿಸಿಲಿಗೆ ಅದರ ಪರದೆ ದರ್ಪಣವಾಗಿ, ದಾರಿಯ ಬದಲು ನನ್ನ ಮುಖಾರವಿಂದವನ್ನೇ ತೋರಿಸುತ್ತಿತ್ತು. ಕೆಳಗಿಟ್ಟರೆ ಸ್ಪೀಡೋಮೀಟರೇ ಅಂತರ್ಧಾನ.

ನಿಜ ಹೇಳಬೇಕೆಂದರೆ ನನಗೆ ದಾರಿ ತೋರಿಸುವವರ ಅಗತ್ಯವೇ ಇರಲಿಲ್ಲ. ಚನ್ನಗಿರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ಪ್ರತಿ ಶನಿವಾರ ಮಧ್ಯಾಹ್ನ ತ್ಯಾವಣಿಗೆ, ದಾವಣಗೆರೆಗಳನ್ನು ದಾಟಿ ಜಗಳೂರಿಗೆ ಹೋಗುವವನು; ಆ ರಸ್ತೆಯ ಗುಂಡಿಗಳೂ ನನ್ನ ಬೆನ್ನುಮೂಳೆಗೆ ಪರಿಚಿತ. ಜಗಳೂರಿನಲ್ಲಿ ನನ್ನ ಹೆಂಡತಿ ವಿಮಲಾ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ನಾನು ನ್ಯಾಮತಿಯಲ್ಲಿ, ಅವಳು ಪಕ್ಕದ ಹೊನ್ನಾಳಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲ ಸಂಜೆಯ ಕಾಫಿಯನ್ನು ಒಟ್ಟಿಗೇ ಕುಡಿಯುತ್ತಿದ್ದೆವು. ವರ್ಗಾವಣೆ ಬಂದು ಒಬ್ಬರನ್ನು ದಕ್ಷಿಣಕ್ಕೂ ಒಬ್ಬರನ್ನು ಉತ್ತರಕ್ಕೂ ಕಳಿಸಿತು. ಈ ದೂರವನ್ನು ಅವಳು ಒಮ್ಮೆಯೂ ದೂರಿದವಳಲ್ಲ. ಸೋಮವಾರ ಬೆಳಿಗ್ಗೆ ಗೇಟಿನ ಬಳಿ ನಿಂತು "ನಿಧಾನಕ್ಕೆ ಹೋಗ್ರಿ" ಎನ್ನುವಳು, ಅಷ್ಟೇ. ನಾನು ಪೆಟ್ಟಿಗೆ ಕೊಂಡದ್ದು ದಾರಿ ತಿಳಿಯಲೆಂದಲ್ಲ, ಆ ದೂರ ಕಣ್ಣೆದುರೇ ಕರಗುವುದನ್ನು ನೋಡಲೆಂದು.

ಚನ್ನಗಿರಿಯ ಮೆಕ್ಯಾನಿಕ್ ಅದನ್ನು ಅಲುಗದಂತೆ ಬಿಗಿದು, "ಸಾರ್, ಚಾವಿ ತಿರುವಿದಾಗ ಮಾತ್ರ ಕರೆಂಟ್ ಬರೋ ಹಂಗೆ ವೈರಿಂಗ್ ಮಾಡಬೇಕು. ಸಂಜೆ ತನಕ ಗಾಡಿ ಬಿಡ್ರಿ" ಎಂದ.

ಶನಿವಾರದ ಸಂಜೆಯನ್ನು ಬಿಟ್ಟುಕೊಡುವುದುಂಟೇ? "ಬ್ಯಾಟರಿಗೇ ನೇರ ಕೊಟ್ಟುಬಿಡಪ್ಪ" ಎಂದೆ.

"ಕೊಡಾಕೇನು, ಕೊಡ್ತೀನಿ. ಇಳಿದ ಮೇಲೆ ಮರೀದೆ ವೈರ್ ಕಿತ್ತುಬಿಡ್ರಿ. ಇಲ್ಲಾಂದ್ರೆ ಬ್ಯಾಟರಿ ಪೂರ್ತಿ ಇಳೀತೈತೆ."

ದಾರಿಯುದ್ದಕ್ಕೂ ಪರದೆಯ ಮೇಲೆ ಉಳಿದ ದೂರದ ಅಂಕಿ ಇಳಿಯುತ್ತ ಹೋಯಿತು, ನನ್ನ ಉಲ್ಲಾಸ ಏರುತ್ತ ಹೋಯಿತು. ಗೇಟಿನಲ್ಲಿ ವಿಮಲಾಳನ್ನು ಕಂಡದ್ದೇ ತಡ, ವೈರು ಮರೆತುಹೋಯಿತು.

ಸೋಮವಾರ ಬೆಳಿಗ್ಗೆ ಸೆಲ್ಫ್ ಬಟನ್ ಒತ್ತಿದರೆ 'ಟಿಕ್' ಎಂಬ ಏಕಾಕ್ಷರವೊಂದನ್ನು ನುಡಿದು ಬೈಕು ಮೌನವ್ರತ ಹಿಡಿಯಿತು. ಕಿಕ್ಕರ್ ಇಲ್ಲದ ಗಾಡಿ, ವಯಸ್ಸಾದ ಬ್ಯಾಟರಿ. ವಿಮಲಾ ಬಂದು ವೈರಿನ ಜಾಡು ಹಿಡಿದು ಬೆರಳಾಡಿಸಿದಳು.

"ನಮ್ಮ ಹತ್ತನೇ ಕ್ಲಾಸಿಗೆ ಇವತ್ತು ವಿದ್ಯುತ್ ಪಾಠ ಐತೆ. ಬಂದು ಹಿಂದಿನ ಬೆಂಚಿನಾಗೆ ಕೂತ್ಕಳ್ರಿ" ಎಂದು ನಕ್ಕು, ಚೀಲ ಹೆಗಲಿಗೇರಿಸಿ ಹೊರಟುಹೋದಳು.

ನಾನು ಕಾಲೇಜಿಗೆ ಫೋನು ಮಾಡಿ ರಜೆ ಕೇಳಿದೆ. ಆ ಮನೆಯ ಶನಿವಾರ, ಭಾನುವಾರಗಳನ್ನಷ್ಟೇ ಬಲ್ಲ ನನಗೆ ಅಲ್ಲಿಯ ಸೋಮವಾರ ಅಪರಿಚಿತ ಊರಿನಂತೆ ಕಂಡಿತು. ನಾನು ಬಂದಾಗ ಎರಡೆರಡು ಪಲ್ಯ ಮಾಡುವವಳ ಅಡುಗೆಮನೆಯಲ್ಲಿ ವಾರಕ್ಕೆಂದು ಉಳಿದಿದ್ದುದು ಒಂದು ಡಬ್ಬಿ ಚಟ್ನಿಪುಡಿ, ಸಿಂಕಿನ ಪಕ್ಕ ಕವುಚಿಟ್ಟ ಒಂದೇ ತಟ್ಟೆ. ಪ್ರತಿ ಸಲ ಹೊರಡುವಾಗ ಒಂಟಿಯಾಗುತ್ತಿದ್ದವನು ನಾನೊಬ್ಬನೇ ಎಂಬಂತೆ ನಿಟ್ಟುಸಿರುಬಿಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆ ದಿನದ ರೂಢಿಯಂತೆ ಬೀಗ ತೆಗೆಯಲೆಂದು ಕೈಯಲ್ಲಿ ಚಾವಿ ಹಿಡಿದೇ ಬಂದ ವಿಮಲಾ, ತೆರೆದ ಬಾಗಿಲು, ಒಳಗಿನ ದೀಪ ಕಂಡು ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಲೈಟ್ ಹಾಕಿರೋ ಮನೆಗೆ ಬಂದು ಎಷ್ಟು ದಿನ ಆಗಿತ್ತು ನೋಡ್ರಿ" ಎಂದಳು, ಮೆಲ್ಲಗೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಳಿಗ್ಗೆ ನಾನು ವಿಚಾರಿಸಿದ್ದ ಊರ ಎಲೆಕ್ಟ್ರಿಷಿಯನ್. "ಈಗ್ಲೇ ಬಂದು ಬ್ಯಾಟರಿ ಚಾರ್ಜಿಗೆ ಹಾಕಿ, ವೈರಿಂಗ್ ಸರಿ ಮಾಡ್ಲಾ ಸಾರ್? ಬೆಳಿಗ್ಗೆ ಎದ್ದು ಹೊರಡಬಹುದು." ಅವನ ದೊಡ್ಡ ದನಿ ವಿಮಲಾಳಿಗೂ ಕೇಳಿಸಿತ್ತು; ನಾನು ಅವಳ ಮುಖ ನೋಡಿದೆ. ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಅವಸರ ಏನಿಲ್ಲ ಅಣ್ಣ. ನಾಳೆ ಸಂಜೆ ಬರ್ರಿ, ನಾನು ಸ್ಕೂಲಿಂದ ಬಂದ ಮೇಲೆ."